ಹೊಲಿಗೆಯ ಒಳಗೆ ಬಿಟ್ಟ ಬಟ್ಟೆ

ಒಂದೇ ಮನೆಯಲ್ಲಿ ಎರಡು ಒಲೆ. ಎರಡೂ ಒಲೆಗೆ ಬರುವ ಸಂಪಾದನೆ ಹೆಚ್ಚುಕಡಿಮೆ ಸಮ. ಆದರೂ ತಿಂಗಳ ಕೊನೆಯ ವಾರ ಬಂತೆಂದರೆ ಒಂದು ಒಲೆಯ ಮೇಲೆ ಎಂದಿನಂತೆ ಅಡುಗೆ ಬೇಯುತ್ತಿರುತ್ತದೆ, ಇನ್ನೊಂದು ಒಲೆಯವಳು ಸಕ್ಕರೆ ಡಬ್ಬಿಯನ್ನು ತಲೆಕೆಳಗು ಮಾಡಿ ತಟ್ಟುತ್ತಿರುತ್ತಾಳೆ. ಇಂಥ ಮನೆ ನಿಮ್ಮ ಬೀದಿಯಲ್ಲೂ ಇರಬಹುದು. ನಮ್ಮ ಬೀದಿಯಲ್ಲಿ ಅದು ನಮ್ಮದೇ ಮನೆ, ಡಬ್ಬಿ ತಟ್ಟುತ್ತಿದ್ದವಳು ನಾನು.

ನಮ್ಮ ಉಳಿತಾಯ ಗುಂಪಿನ ಕಾರ್ಯದರ್ಶಿ ಒಂದು ದಿನ ಬಂದು, ಮಿತವ್ಯಯ ಅಂದರೆ ಏನೆಂದು ಎಲ್ಲರಿಗೂ ತಿಳಿಯುವ ಹಾಗೆ ಒಂದು ಕರಪತ್ರ ಮಾಡಬೇಕು, ಅದಕ್ಕೆ ನಿನ್ನ ಕಥೆಯೇ ಸರಿ ಎಂದರು. ನನಗೆ ಹಿಡಿಸಲಿಲ್ಲ. ನಮ್ಮ ಓರಗಿತ್ತಿಯನ್ನು ಕೇಳಿ, ಎಲ್ಲದರಲ್ಲೂ ಅವಳೇ ತಾನೇ ಮುಂದು ಎಂದೆ. ಕಾರ್ಯದರ್ಶಿ ನಕ್ಕರು. ಅವಳು ಹೇಳಿದರೆ ಜನ ತಲೆ ಆಡಿಸಿ ಎದ್ದು ಹೋಗುತ್ತಾರೆ, ನೀನು ಹೇಳಿದರೆ ಕೂತು ಕೇಳುತ್ತಾರೆ ಎಂದರು. ಇದು ಹೊಗಳಿಕೆಯೋ ಬೈಗುಳವೋ ನನಗೆ ಇನ್ನೂ ಗೊತ್ತಾಗಿಲ್ಲ. ಆದರೂ ಹೇಳುತ್ತೇನೆ.

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ನನಗೆ ಹೊಟ್ಟೆಕಿಚ್ಚು. ಬೇರೆ ಯಾರ ಮೇಲೂ ಅಲ್ಲ, ನನ್ನ ಗಂಡನ ಅಣ್ಣನ ಹೆಂಡತಿಯ ಮೇಲೆ. ಬೀದಿಯವರು ಅವಳನ್ನು ಇಂಚಕ್ಕ ಎನ್ನುತ್ತಾರೆ. ಆ ಹೆಸರು ಇಟ್ಟವಳೂ ನಾನೇ. ಎಣ್ಣೆ ಹಾಕುವಾಗ, ನೂಲು ಕತ್ತರಿಸುವಾಗ, ಸಾಬೂನು ತುಂಡು ಮಾಡುವಾಗ ಅವಳು ಒಂದು ಗಳಿಗೆ ನಿಂತು ಕಣ್ಣಲ್ಲೇ ಅಳೆಯುತ್ತಾಳೆ. ಅದನ್ನು ನೋಡಿ ನೋಡಿ ಒಂದು ದಿನ ಉರಿದುಕೊಂಡು ಹಾಗೆ ಕರೆದೆ. ಅವಳಿಗೆ ಸಿಟ್ಟು ಬರಲೆಂದು ಇಟ್ಟ ಹೆಸರು. ಅವಳು ನಕ್ಕುಬಿಟ್ಟಳು, ಹೆಸರು ಉಳಿದುಬಿಟ್ಟಿತು.

ಅಣ್ಣ ತಮ್ಮ ಇಬ್ಬರೂ ಮರ ಕೊಯ್ಯುವ ಒಂದೇ ಮಿಲ್ಲಿನಲ್ಲಿ ಕೆಲಸ ಮಾಡುತ್ತಾರೆ, ಒಂದೇ ಕೂಲಿ. ನಾವು ಓರಗಿತ್ತಿಯರು ಬೀದಿಗೆ ತೆರೆದ ಮುಂದಿನ ಕೋಣೆಯಲ್ಲಿ ಹೊಲಿಗೆ ಮಾಡುತ್ತೇವೆ. ಕಿಟಕಿಯ ಆಚೆ ಅವಳ ಮಿಷನ್ನು, ಈಚೆ ನನ್ನದು, ನಡುವೆ ಬಟ್ಟೆ ಹರಡಲು ಹಲಗೆ. ಹೊರಗೆ ಬೋರ್ಡು ಒಂದೇ. ಬಂದ ಕೆಲಸವನ್ನು ಇಬ್ಬರೂ ಅರ್ಧರ್ಧ ಹಂಚಿಕೊಳ್ಳುವುದು ಮೊದಲಿಂದ ನಡೆದು ಬಂದ ಪದ್ಧತಿ. ಅತ್ತೆ ಒಂದು ತಿಂಗಳು ಅವಳ ಕಡೆ ಉಣ್ಣುತ್ತಾರೆ, ಒಂದು ತಿಂಗಳು ನಮ್ಮ ಕಡೆ. ನಮ್ಮ ತಿಂಗಳ ಕೊನೆಯ ವಾರದಲ್ಲಿ ಅತ್ತೆಗೆ ಯಾಕೋ ಹಸಿವೇ ಆಗುತ್ತಿರಲಿಲ್ಲ. ಅದರ ಅರ್ಥ ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು.

ಇಷ್ಟೆಲ್ಲ ಸಮ ಇದ್ದೂ ಅವಳ ಕೋಣೆಯಲ್ಲಿ ಗೋದ್ರೆಜ್ಜಿನ ಹಾಗೆ ಗಟ್ಟಿಯಾದ ಕಪಾಟು ಬಂತು. ಮಗನಿಗೆ ಹಲ್ಲು ನೋವು ಬಂದ ದಿನವೇ ಡಾಕ್ಟರ ಹತ್ತಿರ ಹೋಗಿ ಬಂದಳು, ಯಾರ ಮುಂದೆಯೂ ಕೈ ಒಡ್ಡಲಿಲ್ಲ. ಹೋದ ವರ್ಷವಂತೂ ಅಂಚು ಕಟ್ಟುವ ಓವರ್‌ಲಾಕ್ ಮಿಷನ್ನನ್ನೇ ತಂದಳು. ಹೊಸದು, ಪ್ಲಾಸ್ಟಿಕ್ ಹೊದಿಕೆ ಕೂಡ ತೆಗೆದಿರಲಿಲ್ಲ. ಬೀದಿಯವರೆಲ್ಲ ಬಂದು ನೋಡಿ ಹೋದರು. ನಾನು ನನ್ನ ಮಿಷನ್ನಿನ ಮೇಲೆ ತಲೆ ಬಗ್ಗಿಸಿ ಹೊಲಿಯುತ್ತಲೇ ಇದ್ದೆ. ಸೂಜಿಗೆ ನೂಲೇ ಪೋಣಿಸಿರಲಿಲ್ಲ ಎನ್ನುವುದು ಆಮೇಲೆ ಗೊತ್ತಾಯಿತು.

ಆ ದಿನಗಳಲ್ಲಿ ಗುಂಪಿನ ಸಭೆಯಲ್ಲಿ ಮಿತವ್ಯಯ ಎಂಬ ಮಾತು ಪದೇ ಪದೇ ಬರುತ್ತಿತ್ತು. ಆ ಮಾತನ್ನು ನಾನೂ ಕಲಿತೆ, ನನ್ನ ಅನುಕೂಲಕ್ಕೆ ತಕ್ಕಂತೆ ಬಳಸಿದೆ. ನಾನು ನೂಲು ಉಳಿಸಿದರೆ ಅದು ಮಿತವ್ಯಯ, ಅವಳು ಉಳಿಸಿದರೆ ಜಿಪುಣತನ. ನಾನು ಬಣ್ಣದ ಬಕೆಟ್ಟು ತಂದರೆ ಅಗತ್ಯ, ಅವಳು ತಂದರೆ ದುಂದು. ಗಂಡನ ಹತ್ತಿರ, ನಿಮ್ಮ ಅತ್ತಿಗೆ ಎಂಥ ಕೈಬಿಗಿ ಹೆಂಗಸು ಎಂದು ದಿನಕ್ಕೆ ಎರಡು ಸಲವಾದರೂ ಹೇಳುತ್ತಿದ್ದೆ. ಅವರು ಹೂಂ ಎನ್ನುತ್ತಿದ್ದರು. ಮಿಲ್ಲಿನ ಸದ್ದಿನಲ್ಲಿ ಇಪ್ಪತ್ತು ವರ್ಷ ಕಳೆದವರು, ಯಾವ ಮಾತಿಗೂ ಹೂಂ ಎನ್ನುತ್ತಾರೆ.

ಅವಳು ಕೆಲಸ ಮಾಡುವ ರೀತಿಯೇ ನನಗೆ ಆಗುತ್ತಿರಲಿಲ್ಲ. ಬಟ್ಟೆ ಬಂದರೆ ಮೊದಲು ನೀರಲ್ಲಿ ನೆನೆಸಿ ಒಣಗಿಸುತ್ತಾಳೆ. ಆಮೇಲೆ ಹಲಗೆಯ ಮೇಲೆ ಹರಡಿ, ತೋಳು, ಬೆನ್ನು, ಕಾಲರ್ ಎಂದು ಕಾಗದದಲ್ಲಿ ಕತ್ತರಿಸಿದ ಅಳತೆಗಳನ್ನು ಅದರ ಮೇಲೆ ಇಟ್ಟು, ತಿರುಗಿಸಿ, ಮತ್ತೆ ತೆಗೆದು ಇನ್ನೊಂದು ಮೂಲೆಗೆ ಇಟ್ಟು ಅರ್ಧ ಗಂಟೆ ಹೀಗೇ ನೋಡುತ್ತಾಳೆ. ಅಷ್ಟರಲ್ಲಿ ನಾನು ಎರಡು ಅಂಗಿ ಕತ್ತರಿಸಿ ಎದ್ದಿರುತ್ತೇನೆ. ನನ್ನ ಕೈ ಬಲು ಚುರುಕು. ಸೀಮೆಸುಣ್ಣದ ಗೆರೆ ಕೂಡ ಎಳೆಯದೆ ಕತ್ತರಿ ಓಡಿಸುತ್ತೇನೆ. ಗಿರಾಕಿಗಳು ಬಾಯಿ ಬಿಟ್ಟುಕೊಂಡು ನೋಡುತ್ತಾರೆ. ಆದರೆ ಸಂಜೆ ಕಸ ಗುಡಿಸುವಾಗ ನನ್ನ ಕಡೆ ಒಂದು ಚೀಲ ಬಟ್ಟೆ ಚೂರು, ಅವಳ ಕಡೆ ಒಂದು ಹಿಡಿ. ಆ ವ್ಯತ್ಯಾಸ ನಾನು ನೋಡಿಯೂ ನೋಡದವಳಂತೆ ಇರುತ್ತಿದ್ದೆ.

ಹೀಗಿರುವಾಗ ಹತ್ತಿರದ ಶಾಲೆಯಿಂದ ದೊಡ್ಡ ಕೆಲಸ ಬಂತು. ಎಂಬತ್ತು ಮಕ್ಕಳಿಗೆ ಎಂಬತ್ತು ಅಂಗಿ, ತಿಳಿ ನೀಲಿ. ಅಂಗಿಗೆ ಇಷ್ಟು ಎಂದು ಶಾಲೆ ಕೊಡುತ್ತದೆ, ಬಟ್ಟೆ ನಾವೇ ತರಬೇಕು, ಉಳಿಸಿಕೊಂಡದ್ದು ನಮಗೆ. ಹೊಲಿಗೆ ಚೆನ್ನಾಗಿದ್ದರೆ ಪ್ರತಿವರ್ಷವೂ ಈ ಬೋರ್ಡಿಗೇ ಕೆಲಸ ಎಂದು ಮುಖ್ಯ ಶಿಕ್ಷಕಿ ಹೇಳಿ ಹೋದರು. ಪ್ರತಿವರ್ಷ ಎಂದರೆ ಎರಡೂ ಒಲೆಗೆ ನಾಲ್ಕು ತಿಂಗಳ ನೆಮ್ಮದಿ. ಅತ್ತೆ ಕೂಡ ಎದ್ದು ಬಂದು ಅವರಿಗೆ ನೀರು ಕೊಟ್ಟರು.

ಒಂದೇ ಸುರುಳಿಯ ಬಟ್ಟೆ ತಂದು ಸಮನಾಗಿ ಹಂಚಿಕೊಂಡೆವು. ನನಗೆ ನಲವತ್ತು, ಅವಳಿಗೆ ನಲವತ್ತು. ಆಗ ನನ್ನ ತಲೆಗೆ ಒಂದು ಹುಳ ಹೊಕ್ಕಿತು. ಈ ಸಲ ಇಂಚಕ್ಕನನ್ನು ಅವಳ ಆಟದಲ್ಲೇ ಸೋಲಿಸಬೇಕು. ಅವಳು ಅಷ್ಟು ಬಟ್ಟೆಯಲ್ಲಿ ನಲವತ್ತು ತೆಗೆದರೆ ನಾನು ನಲವತ್ತೆರಡು ತೆಗೆಯಬೇಕು. ಮಿತವ್ಯಯ ಅವಳೊಬ್ಬಳ ಸೊತ್ತೇನು ಎಂದುಕೊಂಡೆ. ಮೂರು ದಿನ ಗುಂಡಿ ಹಚ್ಚುವ ನೆಪದಲ್ಲಿ ಕೂತು, ಅವಳು ಕಾಗದ ತಿರುಗಿಸುವುದನ್ನು ಓರೆಗಣ್ಣಿನಲ್ಲಿ ನೋಡಿದೆ. ತೋಳನ್ನು ಬೆನ್ನಿನ ತುಂಡಿನ ಪಕ್ಕ ತಲೆಕೆಳಗಾಗಿ ಇಟ್ಟರೆ ಎಷ್ಟು ಜಾಗ ಉಳಿಯುತ್ತದೆ ಎಂದು ಕಂಡುಕೊಂಡೆ. ಕೇಳಿದ್ದರೆ ಐದು ನಿಮಿಷದಲ್ಲಿ ಹೇಳಿಕೊಡುತ್ತಿದ್ದಳು. ಆದರೆ ಅವಳನ್ನು ಕೇಳುವುದೆಂದರೆ ನನಗೆ ನಾಲಿಗೆಯೇ ಏಳುತ್ತಿರಲಿಲ್ಲ.

ಹಾಗೆ ಇಟ್ಟು ನೋಡಿದರೂ ನನ್ನ ಬಟ್ಟೆಯಲ್ಲಿ ನಲವತ್ತೊಂದೇ ಬಂತು. ಸಾಲದು ಅನ್ನಿಸಿತು. ಆಗ ನನ್ನ ಕಣ್ಣು ಮಾರ್ಜಿನ್ನಿನ ಮೇಲೆ ಬಿತ್ತು.

ಹೊಲಿಗೆ ಗೊತ್ತಿಲ್ಲದವರಿಗೆ ಇದನ್ನು ಬಿಡಿಸಿ ಹೇಳಬೇಕು. ಎರಡು ತುಂಡು ಸೇರಿಸಿ ಹೊಲಿಯುವಾಗ ಹೊಲಿಗೆಯ ಆಚೆ ಒಳಗಡೆ ಒಂದಿಷ್ಟು ಬಟ್ಟೆ ಉಳಿಸುತ್ತೇವೆ. ಅದಕ್ಕೆ ಮಾರ್ಜಿನ್ ಎನ್ನುತ್ತೇವೆ. ಹೊರಗಿನವರಿಗೆ ಕಾಣುವುದಿಲ್ಲ. ಬಟ್ಟೆ ತೊಳೆದ ಮೇಲೆ ಎಳೆದುಕೊಂಡು ಚಿಕ್ಕದಾದರೆ, ಮಗು ದಪ್ಪವಾದರೆ, ಹೊಲಿಗೆ ಬಿಚ್ಚಿ ಅದರಿಂದಲೇ ಅಂಗಿ ಅಗಲ ಮಾಡಬಹುದು. ಹೊಲಿಗೆ ಹಿಡಿದು ನಿಲ್ಲುವುದೂ ಅದರ ಬಲದಿಂದಲೇ. ಇಂಚಕ್ಕ ಮಕ್ಕಳ ಅಂಗಿಗೆ ಪಕ್ಕದಲ್ಲಿ ಒಂದೂವರೆ ಇಂಚು ಬಿಡುತ್ತಿದ್ದಳು, ಕೆಳಮಡಿಕೆಯಲ್ಲಿ ಎರಡು. ಅಷ್ಟೊಂದು ಬಟ್ಟೆ ಒಳಗೆ ಸುಮ್ಮನೆ ಕೊಳೆಯುತ್ತಿದೆ ಅನ್ನಿಸಿತು ನನಗೆ. ನಾನು ಪಕ್ಕದಲ್ಲಿ ಕಾಲು ಇಂಚು ಬಿಟ್ಟೆ, ಕೆಳಗೆ ಒಂದು ಮಡಿಕೆ ಮಾತ್ರ. ಎಳೆದುಕೊಳ್ಳುವಷ್ಟು ಮೊದಲೇ ಎಳೆದುಕೊಳ್ಳಲಿ ಎಂದು ಬಟ್ಟೆ ನೆನೆಸುವುದನ್ನೂ ಬಿಟ್ಟೆ. ನೀರೂ ಉಳಿಯಿತು, ಎರಡು ದಿನವೂ ಉಳಿಯಿತು ಎಂದು ಬೀಗಿದೆ.

ಐದಾರು ಅಂಗಿ ಕತ್ತರಿಸಿದ್ದಾಗ ಇಂಚಕ್ಕ ಹಲಗೆಯ ಹತ್ತಿರ ಬಂದು ನಿಂತಳು. ಒಂದು ತುಂಡನ್ನು ಎತ್ತಿ ಅಂಚು ನೋಡಿದಳು.

"ಒಳಗೆ ಬಟ್ಟೆನೇ ಬಿಟ್ಟಿಲ್ವಲ್ಲ ತಂಗಿ" ಎಂದಳು.

"ನೀನು ಜಾಸ್ತಿ ಬಿಡ್ತೀಯ ಅಕ್ಕ. ನಂಗೆ ಇಷ್ಟು ಸಾಕು" ಎಂದೆ.

ಅವಳು ತುಂಡನ್ನು ಮೆಲ್ಲಗೆ ಕೆಳಗಿಟ್ಟು ತನ್ನ ಮಿಷನ್ನಿಗೆ ಹೋದಳು. ನನಗೆ ಒಳಗೊಳಗೇ ಖುಷಿ. ಅವಳಿಗೆ ಹೊಟ್ಟೆ ಉರಿಯುತ್ತಿದೆ ಎಂದುಕೊಂಡೆ. ವರ್ಷಗಟ್ಟಲೆ ಆ ಉರಿಯ ಜೊತೆಗೇ ಬಾಳಿದವಳು ನಾನು. ಇನ್ನೊಬ್ಬರ ಮುಖದಲ್ಲಿ ಅದು ಕಂಡರೆ ಗುರುತು ಹಿಡಿಯಲಾರೆನೇ.

ಕೊನೆಗೆ ಎಣಿಸಿದರೆ ನನ್ನ ಕಡೆ ನಲವತ್ತನಾಲ್ಕು ಅಂಗಿ. ಅವಳ ಕಡೆ ನಲವತ್ತು, ಜೊತೆಗೆ ಒಂದು ಗಂಟು ಉದ್ದುದ್ದ ಪಟ್ಟಿಗಳು. ಹೆಚ್ಚಿಗೆ ಬಂದ ನಾಲ್ಕನ್ನೂ ಅದೇ ವಾರ ಮಾರಿ, ಆ ಹಣದಲ್ಲಿ ಗಿರಾಕಿಗಳು ನೋಡಿಕೊಳ್ಳಲೆಂದು ಒಂದು ಆಳೆತ್ತರದ ಕನ್ನಡಿ ತಂದೆ. ಅದನ್ನು ನನ್ನ ಮಿಷನ್ನಿನ ಎದುರಿಗೇ ನಿಲ್ಲಿಸಿದೆ. ಗಿರಾಕಿಗಳಿಗೆ ಅನುಕೂಲ ಎನ್ನುವುದು ಮಾತಿಗೆ. ಅಲ್ಲಿ ಕೂತರೆ ತಿರುಗದೆಯೇ ಇಂಚಕ್ಕನ ಮುಖ ಕಾಣುತ್ತಿತ್ತು. ನನ್ನ ಮಿತವ್ಯಯ ಕಂಡು ಅವಳು ಹೇಗೆ ಕುದಿಯುತ್ತಾಳೆ ಎಂದು ನೋಡುವುದೇ ನನಗೆ ಆ ದಿನಗಳಲ್ಲಿ ದೊಡ್ಡ ಸುಖ. ಗುಂಪಿನ ಸಭೆಯಲ್ಲಿ ಎದ್ದು ನಿಂತು, ಅಷ್ಟೇ ಬಟ್ಟೆಯಲ್ಲಿ ನಾಲ್ಕು ಅಂಗಿ ಹೆಚ್ಚು ತೆಗೆದೆ ಎಂದು ಹೇಳಿ ಚಪ್ಪಾಳೆಯನ್ನೂ ಹೊಡೆಸಿಕೊಂಡೆ.

ಶಾಲೆ ಶುರುವಾಗಿ ಇನ್ನೂ ಮೂರು ವಾರ ಆಗಿರಲಿಲ್ಲ. ಅಂಗಿಗಳು ನಾಲ್ಕಾರು ಸಲ ನೀರು ಕಂಡಿದ್ದವು, ಬಟ್ಟೆ ಎಳೆದುಕೊಂಡಿತ್ತು. ಒಂದು ಬೆಳಗ್ಗೆ ಮಕ್ಕಳನ್ನು ಅಂಗಳದಲ್ಲಿ ಸಾಲಾಗಿ ನಿಲ್ಲಿಸಿ ಕಸರತ್ತಿನ ಮೇಷ್ಟ್ರು ಎರಡೂ ಕೈ ಮೇಲೆ ಎಂದರಂತೆ. ಒಂದೇ ಸಲಕ್ಕೆ ಎಲ್ಲಿಂದಲೋ ಚರ್ ಚರ್ ಎಂದು ಕೇಳಿತಂತೆ. ಮೇಷ್ಟ್ರು ಏನೆಂದು ನೋಡಿದರೆ ಅರ್ಧ ಸಾಲಿನ ಮಕ್ಕಳ ಕಂಕುಳು ಹೊರಗೆ. ಉಳಿದ ಅರ್ಧ ಸಾಲು ನಗುತ್ತಿತ್ತು. ನಗುತ್ತಿದ್ದವರ ಅಂಗಿ ಇಂಚಕ್ಕ ಹೊಲಿದದ್ದು.

ಇದನ್ನು ಬೀದಿಯಲ್ಲಿ ಯಾರೋ ನಗುನಗುತ್ತಾ ಹೇಳಿದಾಗ ನಾನು ನಂಬಲಿಲ್ಲ. ನಂಬಿಸಿದವಳು ನನ್ನ ಮಗಳು. ಅವಳೂ ಅದೇ ಶಾಲೆ, ಅವಳ ಮೈಮೇಲಿದ್ದದ್ದೂ ನಾನು ಹೊಲಿದ ಅಂಗಿಯೇ. ಸಂಜೆ ಬಂದವಳು ಬಲಗೈಯನ್ನು ಮೈಗೆ ಒತ್ತಿ ಹಿಡಿದುಕೊಂಡೇ ಊಟಕ್ಕೆ ಕೂತಳು. ಏನಾಯಿತೇ ಎಂದರೆ ಹೇಳಲಿಲ್ಲ. ತುಂಬಾ ಕೇಳಿದ ಮೇಲೆ, ತಟ್ಟೆ ನೋಡುತ್ತಾ ಹೇಳಿದಳು.

"ಟೀಚರ್ ಪ್ರಶ್ನೆ ಕೇಳಿದ್ರು. ನಂಗೆ ಉತ್ತರ ಗೊತ್ತಿತ್ತು. ಕೈ ಎತ್ಲಿಲ್ಲ ಅಮ್ಮ."

ನಾಲ್ಕು ದಿನದಿಂದ ಅವಳು ತರಗತಿಯಲ್ಲಿ ಕೈ ಎತ್ತಿರಲಿಲ್ಲ. ನಾನು ಕಾಲು ಇಂಚು ಬಿಟ್ಟ ಕಡೆ ಅವಳ ಅಂಗಿ ಕಂಕುಳಿನಿಂದ ಸೊಂಟದವರೆಗೂ ಬಾಯಿ ತೆರೆದಿತ್ತು. ಮತ್ತೆ ಹೊಲಿಯೋಣವೆಂದು ಒಳಗೆ ಬೆರಳು ಹಾಕಿದರೆ ಹಿಡಿಯಲು ಬಟ್ಟೆಯೇ ಇಲ್ಲ, ನೂಲು ನೂಲಾಗಿ ಉದುರಿತು. 

ಮಾರನೆಯ ದಿನ ಮುಖ್ಯ ಶಿಕ್ಷಕಿ ಒಂದು ಗೋಣಿಚೀಲದ ತುಂಬ ಅಂಗಿ ತಂದು ನಮ್ಮ ಹಲಗೆಯ ಮೇಲೆ ಸುರಿದರು. ಕೂಗಾಡಲಿಲ್ಲ. ಇವು ವರ್ಷಕ್ಕೊಂದೇ ಅಂಗಿ ಕೊಳ್ಳುವ ಮನೆಗಳ ಮಕ್ಕಳವು, ಅವರ ತಾಯಂದಿರಿಗೆ ನಾನು ಏನು ಹೇಳಲಿ ಎಂದು ಕೇಳಿದರು. ಹದಿನೈದು ದಿನದಲ್ಲಿ ನಲವತ್ತೂ ಸರಿಯಾಗಬೇಕು, ಇಲ್ಲದಿದ್ದರೆ ಮುಂದಿನ ವರ್ಷದಿಂದ ರೆಡಿಮೇಡ್ ಅಂಗಡಿಗೆ ಕೊಡುತ್ತೇನೆ ಎಂದರು. ಇವು ನಾನು ಹೊಲಿದವು, ಅಕ್ಕನ ಅಂಗಿಗಳು ಚೆನ್ನಾಗಿವೆಯಲ್ಲ ಎಂದು ತೊದಲಿದೆ. ಅವರು ಬಾಗಿಲ ಮೇಲೆ ನೋಡಿದರು.

"ಬೋರ್ಡು ಒಂದೇ ಇದೆಯಲ್ಲಮ್ಮ" ಎಂದರು.

ನಾನು ಮುಳುಗಿದ್ದಲ್ಲದೆ ಅವಳನ್ನೂ ಮುಳುಗಿಸಿದ್ದೆ. ಅದಕ್ಕೆ ನಾಚಿಕೆ ಆಗಬೇಕಿತ್ತು. ಸತ್ಯ ಹೇಳುವುದಾದರೆ ಆ ಗಳಿಗೆಯಲ್ಲಿ ನನಗೆ ಬಂದದ್ದು ನಾಚಿಕೆಯಲ್ಲ, ಸಿಟ್ಟು. ಅವಳ ನಲವತ್ತು ಅಂಗಿಯಲ್ಲಿ ಒಂದಾದರೂ ಹರಿಯಬಾರದಿತ್ತೇ ಎಂದುಕೊಂಡೆ. ಮಕ್ಕಳ ಅಂಗಿ ಹರಿಯಲಿ ಎಂದು ಹಾರೈಸುವಷ್ಟು ದೂರಕ್ಕೆ ಹೊಟ್ಟೆಕಿಚ್ಚು ನನ್ನನ್ನು ಎಳೆದುಕೊಂಡು ಹೋಗಿತ್ತು. ಇದನ್ನು ಕರಪತ್ರದಲ್ಲಿ ಹಾಕಬೇಡಿ ಎಂದು ಕಾರ್ಯದರ್ಶಿಗೆ ಹೇಳಿದ್ದೆ, ಆಮೇಲೆ ನಾನೇ ಹಾಕಿ ಎಂದೆ.

ಇಂಚಕ್ಕ ಏನೂ ಮಾತಾಡದೆ ಒಂದೊಂದೇ ಅಂಗಿ ತಿರುವಿ ನೋಡಿ ಎರಡು ರಾಶಿ ಮಾಡುತ್ತಿದ್ದಳು. ಆ ಮೌನ ನನಗೆ ತಡೆಯಲಾಗಲಿಲ್ಲ. ಬೈಯುವುದಾದರೆ ಬೈದುಬಿಡು, ಒಳಗೊಳಗೇ ಯಾಕೆ ನಗುತ್ತೀಯ ಎಂದೆ. ಅತ್ತೆ ಒಳಗಿಂದ ಬಂದು ಬಾಗಿಲಲ್ಲಿ ನಿಂತರು. ಇಂಚಕ್ಕ ಕೈಯಲ್ಲಿದ್ದ ಅಂಗಿಯನ್ನು ಮಡಚಿ ಇಟ್ಟು, ನನ್ನ ಮುಖ ನೋಡದೆ ಹೇಳಿದಳು.

"ಅವತ್ತು ನಾನು ಒಂದೇ ಸಲ ಹೇಳ್ದೆ. ಎರಡನೇ ಸಲ ಹೇಳ್ಬೋದಿತ್ತು. ಕೈಯಿಂದ ಕತ್ತರಿ ಕಿತ್ಕೋಬೋದಿತ್ತು. ಆಗಿನ್ನೂ ಆರೇ ಅಂಗಿ ಕತ್ತರಿಸಿದ್ದೆ ನೀನು."

"ಹೇಳಿದ್ರೂ ನಾನು ಕೇಳ್ತಿರ್ಲಿಲ್ಲ ಬಿಡು" ಎಂದೆ.

"ಅದು ನಿನ್ನ ಮಾತಾಯ್ತು. ನನ್ನದು ಕೇಳು. ನಿನ್ನ ಕೈ ಕಂಡ್ರೆ ನಂಗೆ ಮೊದಲಿಂದ ಹೊಟ್ಟೆಕಿಚ್ಚು. ಗೆರೆ ಎಳೀದೆ ಕತ್ತರಿಸ್ತೀಯ. ನಾನು ಅರ್ಧ ಗಂಟೆ ಕಾಗದ ತಿರುಗಿಸೋದು ಜಾಣತನಕ್ಕಲ್ಲ, ಭಯಕ್ಕೆ. ಜನ ನಿನ್ನ ಮುಂದೆ ನಿಂತು ನೋಡ್ತಾರೆ, ನನ್ನ ಮುಂದೆ ಯಾರು ನಿಂತಿದ್ದಾರೆ ಹೇಳು. ಅವತ್ತು ನಿನ್ನ ಅಂಚು ನೋಡಿದ ತಕ್ಷಣ ಗೊತ್ತಾಯ್ತು, ಇದು ಹರಿಯುತ್ತೆ ಅಂತ. ಹರೀಲಿ ಅಂತ ಸುಮ್ಮನೆ ಹೋಗಿ ಕೂತೆ. ಬಟ್ಟೆಲಿ ಮಿತವಾಗಿರೋದು ಕಲ್ತೆ ತಂಗಿ, ಮಾತಲ್ಲಿ ಜಿಪುಣಿ ಆದೆ."

ಕನ್ನಡಿಯಲ್ಲಿ ಅಷ್ಟು ದಿನ ಅವಳ ಮುಖ ನೋಡಿದ್ದೆ, ಇದು ಮಾತ್ರ ಕಂಡಿರಲಿಲ್ಲ. ನನ್ನ ಊಹೆ ಸರಿಯಾಗಿತ್ತು, ಅವಳಿಗೂ ಉರಿದಿತ್ತು. ಸರಿಯಾಗಿದ್ದರಿಂದ ಯಾವ ಸುಖವೂ ಆಗಲಿಲ್ಲ. ನನ್ನ ಮಗಳು ನಾಲ್ಕು ದಿನ ಕೈ ಎತ್ತದೆ ಕೂತದ್ದರಲ್ಲಿ ಇಬ್ಬರ ಪಾಲೂ ಇತ್ತು. ಇಬ್ಬರೂ ಅತ್ತೆವು. ಅತ್ತೆ ಮಾತ್ರ ಅಳಲಿಲ್ಲ. ಕೂತು ಅತ್ತರೆ ಹದಿನೈದು ದಿನ ಹದಿನಾಲ್ಕಾಗುತ್ತದೆ ಎಂದು ಹೇಳಿ ಒಳಗೆ ಹೋದರು.

ಆಮೇಲೆ ಇಬ್ಬರೂ ಹಲಗೆಯ ಎದುರುಬದುರು ಕೂತು ಲೆಕ್ಕ ಹಾಕಿದೆವು. ಪ್ರತಿ ಅಂಗಿಯ ಪಕ್ಕದ ಹೊಲಿಗೆ ಬಿಚ್ಚಿ, ಕಂಕುಳಿನಿಂದ ಕೆಳಗಿನವರೆಗೆ ಮೂರು ಬೆರಳಗಲದ ಪಟ್ಟಿ ಸೇರಿಸಬೇಕು, ಎರಡೂ ಕಡೆ. ಅವಳ ಗಂಟಿನಲ್ಲಿದ್ದ ಪಟ್ಟಿಗಳು ಹದಿನೇಳು ಅಂಗಿಗೆ ಸಾಕಾದವು. ಉಳಿದದ್ದಕ್ಕೆ ಬಟ್ಟೆ ಕೊಳ್ಳಬೇಕು. ಹಣ ನಾನು ಕೊಡುತ್ತೇನೆ ಎಂದಳು. ನಾನು ಬೇಡ ಎಂದೆ. ಕನ್ನಡಿಯನ್ನು ಬೀದಿ ತಿರುವಿನ ಕ್ಷೌರದಂಗಡಿಯವನು ಅರ್ಧ ಬೆಲೆಗೆ ಕೊಂಡ. ಅಷ್ಟಕ್ಕೆ ಬಟ್ಟೆ ಬಂತು, ಬಣ್ಣ ಮಾತ್ರ ಒಂದು ಕೂದಲೆಳೆ ಗಾಢ. ಅದನ್ನು ಬಕೆಟ್ಟಿನಲ್ಲಿ ನೆನೆಸಿ, ಒಣಗಿಸಿ, ಆಮೇಲೆ ಕತ್ತರಿಸಿದೆ.

ಆ ದಿನಗಳಲ್ಲಿ ಅವಳು ಕಾಗದ ಇಡುವುದನ್ನು ಹೇಳಿಕೊಟ್ಟಳು, ನಾನು ಕತ್ತರಿ ಓಡಿಸುವುದನ್ನು ಹೇಳಿಕೊಟ್ಟೆ. ಅವಳಿಗೆ ನನ್ನ ಹಾಗೆ ಇನ್ನೂ ಬರುವುದಿಲ್ಲ. ಅದರಿಂದ ನನಗೆ ಸ್ವಲ್ಪ ಸಮಾಧಾನವೇ. ಕೆಲಸದ ನಡುವೆ ಒಂದು ದಿನ ಕೇಳಿದೆ, ಇಷ್ಟು ವರ್ಷ ನೀನು ಹೇಗೆ ನಡೆಸಿದೆ ಅಕ್ಕ, ನಮ್ಮದೇ ಕೂಲಿಯಲ್ಲಿ. ಅವಳು ಎದುರಿಗಿದ್ದ ಅಂಗಿಯನ್ನು ತಿರುವಿ ಒಳಗಿನ ಬಟ್ಟೆ ತೋರಿಸಿದಳು.

"ಕತ್ತರಿಸೋಕೆ ಮುಂಚೆ ಇದನ್ನ ತೆಗೆದಿಡ್ತೀನಿ. ಕತ್ತರಿಸಿ ಉಳಿದ ಮೇಲೆ ಅಲ್ಲ. ಕೂಲಿ ಬಂದ ದಿನಾನೂ ಅಷ್ಟೇ. ಮೊದಲು ಒಳಗಿಡೋದು, ಮಿಕ್ಕಿದ್ದರಲ್ಲಿ ಅಂಗಿ."

ನಾನು ಅಲ್ಲಿಯವರೆಗೆ ಮಾಡುತ್ತಿದ್ದದ್ದು ಉಲ್ಟಾ. ಮೊದಲು ಕೈಗೆ ಬಂದದ್ದೆಲ್ಲ ಖರ್ಚು, ಕೊನೆಗೆ ಏನಾದರೂ ಉಳಿದರೆ ಗುಂಪಿಗೆ. ಉಳಿಯುತ್ತಲೇ ಇರಲಿಲ್ಲ. ಆಮೇಲೆ ಹೆದರಿಕೆ ಹತ್ತಿದಾಗ ಬೇಡದ ಕಡೆ ಬಿಟ್ಟು ಬೇಕಾದ ಕಡೆಯೇ ಕತ್ತರಿಸುತ್ತಿದ್ದೆ. ಬಣ್ಣದ ಬಕೆಟ್ಟು ಬರುತ್ತಿತ್ತು, ಅತ್ತೆಯ ಕೆಮ್ಮಿನ ಔಷಧಿ ಮುಂದಿನ ವಾರಕ್ಕೆ ಹೋಗುತ್ತಿತ್ತು. ಮಿಷನ್ನಿಗೆ ಎಣ್ಣೆ ಹಾಕದೆ ಉಳಿಸಿ, ಮೂರು ತಿಂಗಳಿಗೊಮ್ಮೆ ರಿಪೇರಿಯವನಿಗೆ ಅದರ ಹತ್ತರಷ್ಟು ಕೊಡುತ್ತಿದ್ದೆ. ಇದಕ್ಕೆಲ್ಲ ನಾನು ಮಿತವ್ಯಯ ಎಂದು ಹೆಸರಿಟ್ಟಿದ್ದೆ.

ಹನ್ನೆರಡನೆಯ ದಿನ ನಲವತ್ತೂ ಅಂಗಿ ಹೊತ್ತುಕೊಂಡು ಇಬ್ಬರೂ ಶಾಲೆಗೆ ಹೋದೆವು. ಮುಖ್ಯ ಶಿಕ್ಷಕಿ ಒಂದೊಂದನ್ನೂ ತಿರುವಿ, ಒಳಗೆ ಹೆಬ್ಬೆರಳಿಟ್ಟು ಅಳೆದು ನೋಡಿದರು. ಪಟ್ಟಿಯ ಬಣ್ಣ ಸ್ವಲ್ಪ ಬೇರೆ ಎಂದರು. ಹೌದು ಎಂದೆ, ಯಾವ ನೆಪವನ್ನೂ ಹೇಳಲಿಲ್ಲ. ಮುಂದಿನ ವರ್ಷದ ಕೆಲಸವನ್ನು ಅವರು ಪೂರ್ತಿ ಕೊಡಲಿಲ್ಲ. ಅರ್ಧ ನಿಮಗೆ, ಅರ್ಧ ಅಂಗಡಿಗೆ, ವರ್ಷದ ಕೊನೆಗೆ ಯಾರದು ನಿಂತಿದೆ ನೋಡೋಣ ಎಂದರು. ಅಷ್ಟು ನಷ್ಟ ನನ್ನ ಕಾಲು ಇಂಚಿನ ಬೆಲೆ. ಅದನ್ನೂ ಇಂಚಕ್ಕ ನನ್ನ ಜೊತೆ ಸಮನಾಗಿ ಹಂಚಿಕೊಂಡಳು.

ಗಂಡನಿಗೆ ನಡೆದದ್ದನ್ನೆಲ್ಲ ಹೇಳಿ, ಇನ್ನು ಕೂಲಿ ಬಂದ ದಿನವೇ ಒಂದು ಪಾಲು ಗುಂಪಿಗೆ, ಉಳಿದದ್ದರಲ್ಲಿ ಸಂಸಾರ ಎಂದೆ. ಈ ಸಲ ಅವರು ಹೂಂ ಎನ್ನಲಿಲ್ಲ, ಎಷ್ಟು ಪಾಲು ಎಂದು ಕೇಳಿದರು. ಕೂತು ಇಬ್ಬರೂ ನಿಗದಿ ಮಾಡಿದೆವು. ಮೊದಲ ಎರಡು ತಿಂಗಳು ಕಷ್ಟವಾಯಿತು. ಮೂರನೆಯ ತಿಂಗಳ ಕೊನೆಯ ವಾರ ಅತ್ತೆ ನಮ್ಮ ಒಲೆಯ ಮುಂದೆ ಕೂತು ಎರಡನೇ ಸಲ ಬಡಿಸಿಕೊಂಡರು. ಆ ದಿನ ನನಗೆ ಆದಷ್ಟು ಹೆಮ್ಮೆ ಸಭೆಯ ಚಪ್ಪಾಳೆಯಿಂದಲೂ ಆಗಿರಲಿಲ್ಲ.

ಇಷ್ಟಾಯಿತೆಂದು ಹೊಟ್ಟೆಕಿಚ್ಚು ಹೋಯಿತೇ ಎಂದು ಕೇಳಿದರೆ, ಇಲ್ಲ. ಓವರ್‌ಲಾಕ್ ಮಿಷನ್ನಿನ ಸದ್ದು ಈಗಲೂ ಕಿವಿಗೆ ಚುಚ್ಚುತ್ತದೆ. ಅವಳಿಗೂ ನನ್ನ ಕತ್ತರಿಯ ಸದ್ದು ಚುಚ್ಚುತ್ತದಂತೆ. ಆದರೆ ಈಗ ಅದನ್ನು ಬಾಯಿ ಬಿಟ್ಟು ಹೇಳಿಕೊಳ್ಳುತ್ತೇವೆ.

ಅಕ್ಕ ತಂಗಿಯರೇ, ಈ ಕರಪತ್ರವನ್ನು ಯಾರೋ ನಿಮಗೆ ಓದಿ ಹೇಳುತ್ತಿರಬಹುದು, ಇಲ್ಲ ನೀವೇ ಓದುತ್ತಿರಬಹುದು. ಮಿತವ್ಯಯ ಎಂದರೆ ಬೇಕಾದ್ದನ್ನು ಕತ್ತರಿಸಿ ಎಸೆಯುವುದಲ್ಲ. ಕತ್ತರಿ ಹಾಕುವ ಮುಂಚೆ ಒಂದು ಗಳಿಗೆ ಹರಡಿ ನೋಡುವುದು, ಹಾಳಾಗುವುದನ್ನು ತಪ್ಪಿಸುವುದು, ನಾಳೆ ಮಗು ಬೆಳೆದಾಗ ಬಿಚ್ಚಿಕೊಳ್ಳಲು ಇಂದೇ ಒಳಗೆ ಒಂದಿಷ್ಟು ಬಿಡುವುದು. ಔಷಧಿಯಲ್ಲಿ, ಮಕ್ಕಳ ಊಟದಲ್ಲಿ, ಕೆಲಸದ ಸಾಮಾನಿನಲ್ಲಿ ಕೈ ಬಿಗಿ ಹಿಡಿದರೆ ಅದು ಉಳಿತಾಯವಲ್ಲ, ಅದು ಹರಿಯುವ ಹೊಲಿಗೆ. ಈ ತಿಂಗಳ ಕೂಲಿ ಕೈಗೆ ಬಂದ ದಿನವೇ, ಅಂಗಡಿಗೆ ಹೋಗುವ ಮುಂಚೆ, ಎಷ್ಟು ಚಿಕ್ಕದಾದರೂ ಸರಿ, ಒಂದು ಪಾಲು ನಿಮ್ಮ ಗುಂಪಿನಲ್ಲಿ ಇಡಿ.

ಮತ್ತೆ ಇನ್ನೊಂದು ಮಾತು, ಇದು ಕಾರ್ಯದರ್ಶಿ ಹೇಳಿಸಿದ್ದಲ್ಲ, ನಾವಿಬ್ಬರೂ ಸೇರಿ ಹೇಳುತ್ತಿರುವುದು. ನಿಮಗೆ ತಿಳಿದದ್ದನ್ನು ಉಳಿಸಿ ಇಟ್ಟುಕೊಳ್ಳಬೇಡಿ. ಪಕ್ಕದವಳು ತಪ್ಪಾಗಿ ಕತ್ತರಿಸುತ್ತಿರುವುದು ಕಂಡರೆ ಒಂದು ಸಲ ಹೇಳಿ ಸುಮ್ಮನಾಗಬೇಡಿ. ಅವಳ ಮೇಲೆ ಹೊಟ್ಟೆಕಿಚ್ಚಿದ್ದರೆ ಇರಲಿ, ಅದನ್ನು ಇಟ್ಟುಕೊಂಡೇ ಹೋಗಿ ಎರಡನೇ ಸಲವೂ ಹೇಳಿ.